ಒಂದು ಹಿಡಿ ಹೊತ್ತು

*ಇಂದಿನ ಧಮ್ಮ ಚಿಂತನೆ*

ಕಳೆದ ಭಾನುವಾರ ಬುದ್ಧ ವಂದನೆ ಮುಗಿದ ಮೇಲೆ ನಮ್ಮ ಅಧ್ಯಯನ ಬಳಗದ ಸಹೋದರಿಯೊಬ್ಬರು ಒಂದು ಪ್ರಶ್ನೆ ಕೇಳಿದರು. "ಅಣ್ಣ, ಕೆಲಸ, ಮನೆ, ಮಕ್ಕಳು, ಸಂಘ ಅಂತ ದಿನ ಹೋಗೋದೇ ಗೊತ್ತಾಗಲ್ಲ. ಬದುಕಿಗೆ ಒಂದು ಗುರಿ ಇಟ್ಕೊಳ್ಳಿ ಅಂತೀರಿ. ಆಸೆಯೇ ದುಃಖಕ್ಕೆ ಕಾರಣ ಅಂತಾನೂ ನೀವೇ ಹೇಳ್ತೀರಿ. ಇದರಲ್ಲಿ ಯಾವುದನ್ನ ಹಿಡ್ಕೋಬೇಕು?"

ಅಂದು ನನಗೆ ಬಸ್ಸಿಗೆ ಹೊತ್ತಾಗಿತ್ತು. ಅರ್ಧ ಉತ್ತರ ಹೇಳಿ ಎದ್ದುಬಿಟ್ಟೆ. ಹೊತ್ತಿಲ್ಲ ಎನ್ನುವ ಪ್ರಶ್ನೆಗೇ ಹೊತ್ತು ಕೊಡದೆ ಬಂದೆನಲ್ಲ ಎಂದು ದಾರಿಯುದ್ದಕ್ಕೂ ಕಸಿವಿಸಿಯಾಯಿತು. ಉಳಿದ ಅರ್ಧ ಉತ್ತರವನ್ನು ಇಂದು ಬರೆಯುತ್ತಿದ್ದೇನೆ. ಇದನ್ನು ನಾನು ಮೊದಲು ಕಲಿತದ್ದು ನನ್ನ ಅವ್ವನಿಂದ. ಸುತ್ತಗಳಲ್ಲಿ ಓದಿ ಅರ್ಥ ಮಾಡಿಕೊಂಡದ್ದು ಆಮೇಲೆ. ಆದ್ದರಿಂದ ಅವ್ವನ ವಿಷಯದಿಂದಲೇ ಶುರು ಮಾಡುತ್ತೇನೆ.

*ಮೂರು ಡೈರಿ, ಒಂಬತ್ತನೆಯ ಸಾಲು*

ನಾನು ಪ್ರೌಢಶಾಲೆ ಮೇಷ್ಟ್ರು. ಇಪ್ಪತ್ತೆರಡು ವರ್ಷದಿಂದ ಊರಿನ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಆದರೆ ನನ್ನ ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಕೂಲಿ ಮಾಡಿ ನಮ್ಮನ್ನೆಲ್ಲ ಓದಿಸಿದವಳು, ಎಲ್ಲೇ ಹೋದರೂ ಹೆಬ್ಬೆಟ್ಟು ಒತ್ತಿ ಬರುತ್ತಿದ್ದಳು.

ಮನೆಮಂದಿಯೆಲ್ಲ ಧಮ್ಮ ದೀಕ್ಷೆ ತೆಗೆದುಕೊಂಡ ದಿನ ಭಂತೇಜಿ ಇಪ್ಪತ್ತೆರಡು ಪ್ರತಿಜ್ಞೆಗಳನ್ನು ಒಂದೊಂದಾಗಿ ಹೇಳಿಕೊಟ್ಟರು. ಅವ್ವ ಕೈಮುಗಿದು ಒಂದೂ ಬಿಡದೆ ಹೇಳಿದಳು. ಸಂಜೆ ಮನೆಗೆ ಬಂದ ಮೇಲೆ ಪ್ರತಿಜ್ಞೆಗಳು ಅಚ್ಚಾಗಿದ್ದ ಹಾಳೆಯನ್ನು ತೊಡೆಯ ಮೇಲೆ ಹರವಿಕೊಂಡು ಕೇಳಿದಳು: "ಮಗಾ, ನಾನು ಹೇಳಿದ್ದು ಇದರಲ್ಲಿ ಎಲ್ಲದ? ಬಾಯಲ್ಲಿ ಹೇಳ್ದೆ, ಸರಿ. ಕಣ್ಣಲ್ಲೂ ನೋಡಿ ನಾನೇ ಓದ್ಬೇಕು ಅನ್ನಿಸ್ತದ. ನಂಗೂ ನಾಕು ಅಕ್ಸರ ಹೇಳ್ಕೊಡ್ತಿಯಾ?"

"ಅದಕ್ಕೇನವ್ವ, ಜಯಂತಿ ಒಂದು ಮುಗೀಲಿ" ಎಂದೆ.

ಜಯಂತಿ ಮುಗಿಯಿತು. ಆಮೇಲೆ ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಬಂತು. ಶಿಕ್ಷಕರ ಸಂಘದ ಚುನಾವಣೆ ಬಂತು. ಮನೆ ಕಟ್ಟುವ ಸಾಲ, ಮಗಳ ಪಿಯುಸಿ, ವಿಹಾರದ ಕಾಂಪೌಂಡ್ ಕೆಲಸ, ಊರೂರು ಭಾಷಣ. ಮೂರು ಜಯಂತಿಗಳು ಹೀಗೇ ಕಳೆದವು.

ನನಗೆ ಗುರಿ ಇರಲಿಲ್ಲ ಎನ್ನುವಂತಿಲ್ಲ. ಪ್ರತಿ ಜನವರಿಯಲ್ಲೂ ಹೊಸ ಡೈರಿಯ ಮೊದಲ ಪುಟದಲ್ಲಿ ವರ್ಷದ ಗುರಿಗಳನ್ನು ನಂಬರ್ ಹಾಕಿ ಬರೆಯುವುದು ನನ್ನ ಅಭ್ಯಾಸ. ಬೆಳಿಗ್ಗೆ ಐದಕ್ಕೆ ಏಳುವುದು, ಬಾಬಾಸಾಹೇಬರ ಸಂಪುಟಗಳನ್ನು ಓದಿ ಮುಗಿಸುವುದು, ಸಕ್ಕರೆ ಬಿಡುವುದು, ಹೀಗೆ ಹದಿನಾಲ್ಕು. ಅದರಲ್ಲಿ ಒಂಬತ್ತನೆಯದು: ಅವ್ವನಿಗೆ ಓದು ಕಲಿಸುವುದು. ಮೂರು ಡೈರಿಗಳಲ್ಲೂ ಅದು ಒಂಬತ್ತನೆಯ ಸಾಲಿನಲ್ಲೇ ಇತ್ತು. ಒಂದು ದಿನವೂ ಅದಕ್ಕೆ ಹೊತ್ತು ಗೊತ್ತುಮಾಡಿರಲಿಲ್ಲ.

ಆಮೇಲೆ ಅವ್ವ ಕಣ್ಣು ಮಂಜಾಗುತ್ತದೆ ಎಂದಳು. ಪೊರೆ ಬಂದಿರಬೇಕು, ತೆಗೆಸಿದರಾಯಿತು ಎಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬಲಗಣ್ಣಿಗೆ ಪೊರೆ ಬಂದಿತ್ತು. ಎಡಗಣ್ಣಿನದು ಬೇರೆ ಕಥೆ, ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರಕ್ಕೆ ಪೆಟ್ಟು ಬಿದ್ದಿತ್ತು. "ಪೊರೆ ತೆಗೆದರೆ ಬಲಗಣ್ಣು ಕಾಣುತ್ತದೆ. ಎಡಗಣ್ಣಲ್ಲಿ ಹೋದ ದೃಷ್ಟಿ ಮತ್ತೆ ಬರುವುದಿಲ್ಲ. ಉಳಿದದ್ದನ್ನು ಹನಿ ಔಷಧಿ ಹಾಕಿ ಕಾಪಾಡಿಕೊಳ್ಳಬೇಕು" ಎಂದರು ಡಾಕ್ಟರು.

ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ಒಂಬತ್ತನೆಯ ಸಾಲು ಬಿಟ್ಟು ಬೇರೇನೂ ನೆನಪಾಗಲಿಲ್ಲ. "ಟೈಮೇ ಸಿಗಲಿಲ್ಲ ಕಣವ್ವ" ಎಂದೆ. ಅವ್ವ ಕೋಪ ಮಾಡಿಕೊಳ್ಳಲಿಲ್ಲ. ಕಿಟಕಿಯ ಕಡೆ ನೋಡುತ್ತಾ ಹೇಳಿದಳು: "ಉಂಡಾದ ಮೇಲೆ ಉಳಿದದ್ದ ಎತ್ತಿಡ್ತೀನಿ ಅಂದ್ರ ಏನಪ್ಪಾ ಉಳಿದದು? ಒಲೆ ಮೇಲೆ ಎಸರು ಇಡಕ್ಕೆ ಮುಂಚೇನೇ ಒಂದು ಹಿಡಿ ತೆಗೆದಿಡ್ಬೇಕು."

ನಾವು ಚಿಕ್ಕವರಿದ್ದಾಗ ಅವ್ವ ಮೂಲೆಯಲ್ಲಿ ಒಂದು ಮಡಕೆ ಇಟ್ಟಿದ್ದಳು. ದಿನಾ ರಾತ್ರಿ ಮುದ್ದೆಗೆ ಹಿಟ್ಟು ಅಳೆಯುವಾಗ ಮೊದಲು ಒಂದು ಹಿಡಿ ತೆಗೆದು ಆ ಮಡಕೆಗೆ ಹಾಕುತ್ತಿದ್ದಳು. ಮನೆಯಲ್ಲಿ ಹಿಟ್ಟು ಕಮ್ಮಿ ಇದ್ದ ದಿನವೂ ಹಾಕುತ್ತಿದ್ದಳು, ಆ ಹಿಡಿ ಮಾತ್ರ ಚಿಕ್ಕದಾಗುತ್ತಿತ್ತು. ಮಳೆ ಹಿಡಿದು ಕೂಲಿ ನಿಂತಾಗ ನಮ್ಮ ಹೊಟ್ಟೆಗೆ ಬಿದ್ದದ್ದು ಆ ಮಡಕೆಯ ಹಿಟ್ಟೇ.

ಗುರಿಯ ಬಗ್ಗೆ, ಹೊತ್ತಿನ ಬಗ್ಗೆ ನಾನು ಇಂದು ಹೇಳಬೇಕಾದ ಮಾತೆಲ್ಲ ಈ ಮಡಕೆಯೊಳಗೇ ಇದೆ. *ಹೊತ್ತು ತೆಗೆದಿಡದ ಗುರಿ ಬರೀ ಆಸೆ. ಮೊದಲೇ ಒಂದು ಹಿಡಿ ಹೊತ್ತು ತೆಗೆದಿಟ್ಟಾಗ ಮಾತ್ರ ಅದು ಗುರಿಯಾಗುತ್ತದೆ.*

*ಆಸೆ ಬೇರೆ, ಛಂದ ಬೇರೆ*

ಈಗ ಸಹೋದರಿಯ ಪ್ರಶ್ನೆಗೆ ಬರೋಣ. ಆಸೆ ಬಿಡಬೇಕು ಎಂದಾದರೆ ಗುರಿ ಇಟ್ಟುಕೊಳ್ಳುವುದು ತಪ್ಪಲ್ಲವೇ?

ಇದೇ ಪ್ರಶ್ನೆಯನ್ನು ಕೋಸಂಬಿಯ ಘೋಸಿತಾರಾಮದಲ್ಲಿ ಉಣ್ಣಾಭ ಎಂಬ ಬ್ರಾಹ್ಮಣ ಆನಂದನಿಗೆ ಕೇಳಿದ್ದನು. ಸಂಯುತ್ತ ನಿಕಾಯದಲ್ಲಿ ಈ ಪ್ರಸಂಗ ಬರುತ್ತದೆ. ಇಚ್ಛೆಯನ್ನು ಬಿಡಬೇಕು ಎನ್ನುವುದೂ ಒಂದು ಇಚ್ಛೆಯೇ, ಇಚ್ಛೆಯಿಂದ ಇಚ್ಛೆಯನ್ನು ಬಿಡುವುದು ಮುಗಿಯುವ ಕೆಲಸವೇ ಎಂದು ಅವನು ಕೇಳಿದ. ಆನಂದ ಅವನಿಗೆ ಮರುಪ್ರಶ್ನೆ ಹಾಕಿದ. ಈ ಆರಾಮಕ್ಕೆ ಬರಬೇಕು ಎಂಬ ಇಚ್ಛೆ ನಿನಗೆ ಮೊದಲು ಇತ್ತಲ್ಲವೇ? ಇಲ್ಲಿಗೆ ಬಂದು ಮುಟ್ಟಿದ ಮೇಲೆ ಆ ಇಚ್ಛೆ ಶಾಂತವಾಯಿತಲ್ಲವೇ? ಬ್ರಾಹ್ಮಣ ಹೌದೆಂದು ಒಪ್ಪಿಕೊಂಡ.

ಇದು ಎಷ್ಟು ಸರಳವಾದ ಉತ್ತರ ನೋಡಿ. ನಮ್ಮನ್ನು ಒಂದು ಒಳ್ಳೆಯ ಕಡೆಗೆ ನಡೆಸಿ, ತಲುಪಿದ ಮೇಲೆ ತಣ್ಣಗಾಗುವ ಇಚ್ಛೆಗೆ ಪಾಲಿಯಲ್ಲಿ ಛಂದ ಎನ್ನುತ್ತಾರೆ. ಎಷ್ಟು ಸಿಕ್ಕರೂ ಇನ್ನೂ ಬೇಕು ಎನ್ನುವುದು ತಣ್ಹಾ, ಅಂದರೆ ತೃಷ್ಣೆ. ದುಃಖಕ್ಕೆ ಕಾರಣ ಎಂದು ಬುದ್ಧರು ಹೇಳಿದ್ದು ತಣ್ಹಾವನ್ನು. ಒಳ್ಳೆಯ ಕೆಲಸದ ಛಂದವನ್ನು ಬಿಡಿ ಎಂದು ಅವರು ಹೇಳಲಿಲ್ಲ.

ನನ್ನ ಡೈರಿಯನ್ನು ಈ ಕನ್ನಡಿಯಲ್ಲಿ ನೋಡಿದೆ. ಹದಿನಾಲ್ಕು ಗುರಿಗಳಲ್ಲಿ ಹತ್ತು, ನಾಲ್ಕು ಜನರ ಕಣ್ಣಿಗೆ ಕಾಣುವಂಥವು. ಭಾಷಣಕ್ಕೆ ಚಪ್ಪಾಳೆ ಬೀಳುತ್ತದೆ, ಸಂಘದ ಪದವಿಗೆ ಹೆಸರು ಬರುತ್ತದೆ. ಅವ್ವನಿಗೆ ಅಕ್ಷರ ಕಲಿಸುವುದನ್ನು ನೋಡುವವರು ಯಾರೂ ಇರಲಿಲ್ಲ. ಅದು ಒಂಬತ್ತನೆಯ ಸಾಲಿಗೆ ಯಾಕೆ ಇಳಿಯಿತು ಎಂದು ಆಗ ತಿಳಿಯಿತು. ಸಮಾಜದ ಕೆಲಸ ಎಂಬ ಹೆಸರಿನಲ್ಲೂ ತಣ್ಹಾ ಬಂದು ಕೂರಬಲ್ಲದು ಬಂಧುಗಳೇ. ಸಂಘದ ಕೆಲಸ ಬೇಡ ಎಂದು ನಾನು ಹೇಳುತ್ತಿಲ್ಲ. ಅಕ್ಷರದಿಂದ ದೂರ ಇಟ್ಟಿದ್ದ ಜನ ನಾವು. ನಮ್ಮದೇ ಮನೆಯೊಳಗೆ ಅಕ್ಷರ ಕೇಳಿದ ಒಬ್ಬಳನ್ನು ಕಾಯಿಸಿ, ಹೊರಗೆ ಶಿಕ್ಷಣದ ಬಗ್ಗೆ ಭಾಷಣ ಮಾಡುತ್ತಿದ್ದೆನಲ್ಲ, ಅದನ್ನು ಒಪ್ಪಿಕೊಳ್ಳುತ್ತಿದ್ದೇನೆ.

*ನಾಲ್ಕು ಇದ್ಧಿಪಾದಗಳು*

ಆನಂದ ಉಣ್ಣಾಭನಿಗೆ ಹೇಳಿದ ದಾರಿ ನಾಲ್ಕು ಇದ್ಧಿಪಾದಗಳದು. ಇದ್ಧಿ ಎಂದರೆ ಸಿದ್ಧಿ, ಪಾದ ಎಂದರೆ ಆಧಾರ. ಯಾವ ಕೆಲಸವಾದರೂ ಕೈಗೂಡಬೇಕಾದರೆ ಈ ನಾಲ್ಕು ಕಾಲುಗಳ ಮೇಲೆ ನಿಲ್ಲಬೇಕು.

1. *ಛಂದ.* ಇದು ನನಗೆ ನಿಜವಾಗಿ ಬೇಕು ಎನ್ನುವ ಮನಸ್ಸು.
2. *ವಿರಿಯ.* ದಿನವೂ ಹಾಕುವ ಶ್ರಮ.
3. *ಚಿತ್ತ.* ಆ ಹೊತ್ತಿನಲ್ಲಿ ಅದರ ಮೇಲೆಯೇ ಇಡುವ ಮನಸ್ಸು.
4. *ವೀಮಂಸಾ.* ಸರಿಯಾಗುತ್ತಿದೆಯೇ, ಇಲ್ಲವಾದರೆ ಯಾಕೆ ಎಂದು ಪರೀಕ್ಷಿಸಿ ದಾರಿ ತಿದ್ದಿಕೊಳ್ಳುವ ವಿವೇಕ.

ನಾವು ಸಾಮಾನ್ಯವಾಗಿ ಮೊದಲ ಎರಡರಲ್ಲೇ ನಿಂತುಬಿಡುತ್ತೇವೆ. ಉತ್ಸಾಹ ಇರುತ್ತದೆ, ಒಂದು ವಾರ ಶ್ರಮವೂ ಇರುತ್ತದೆ. ಮನಸ್ಸು ಮಾತ್ರ ಫೋನಿನಲ್ಲಿರುತ್ತದೆ. ಕೆಲಸ ಕೆಟ್ಟರೆ ದಾರಿ ಬದಲಿಸುವ ಬದಲು ಗುರಿಯನ್ನೇ ಬಿಟ್ಟುಬಿಡುತ್ತೇವೆ.

ನನಗೂ ಹಾಗೇ ಆಯಿತು. ಬಲಗಣ್ಣಿನ ಆಪರೇಷನ್ ಆಗಿ ಡಾಕ್ಟರು ಓದಬಹುದು ಎಂದ ಮೇಲೆ, ಬೆಳಿಗ್ಗೆ ಆರರಿಂದ ಆರೂ ಇಪ್ಪತ್ತರವರೆಗೆ ಅವ್ವನ ಹೊತ್ತು ಎಂದು ತೆಗೆದಿಟ್ಟೆ. ಫೋನನ್ನು ಅಡುಗೆಮನೆ ಅಟ್ಟದ ಮೇಲೆ ಇಡುತ್ತಿದ್ದೆ. ಸ್ಲೇಟು ತಂದು, ಶಾಲೆಯಲ್ಲಿ ಕಲಿಸುವ ಹಾಗೆ ಅ ಆ ಇ ಈ ಎಂದು ಶುರು ಮಾಡಿದೆ. ಹತ್ತು ದಿನಕ್ಕೆ ಅವ್ವ ಸ್ಲೇಟನ್ನು ಪಕ್ಕಕ್ಕೆ ತಳ್ಳಿದಳು. "ಇದೇನು ಕೂಸಾಟ, ಬುಡು. ಬಳಪದ ಗೆರೇನೇ ಕಾಣದು" ಎಂದಳು.

ವಯಸ್ಸಾಯಿತು, ಇನ್ನು ಆಗುವುದಿಲ್ಲ ಎಂದು ಬಿಟ್ಟುಬಿಡಬಹುದಿತ್ತು. ಆದರೆ ವೀಮಂಸಾ ಎಂದರೆ ಅಲ್ಲಿ ಕೂತು ಯೋಚಿಸುವುದು. ತಪ್ಪು ಅವ್ವನದಾಗಿರಲಿಲ್ಲ, ನನ್ನ ಪಾಠದ್ದಾಗಿತ್ತು. ಗೆರೆ ಕಾಣದಿದ್ದರೆ ಕೈಗೆ ಸಿಗಬೇಕು. ಮೊರದಲ್ಲಿ ರಾಗಿ ಹರಡಿ ಬೆರಳಿನಿಂದ ಅಂಗೈಯಗಲ ಅಕ್ಷರ ಬರೆಸಿದೆ. ರಾಗಿ ಹಸನು ಮಾಡಿದ ಬೆರಳುಗಳವು, ಎರಡೇ ದಿನಕ್ಕೆ ಒಗ್ಗಿಕೊಂಡವು. ಮೊದಲು ಬರೆದದ್ದು ಅವಳ ಹೆಸರಿನ ಅಕ್ಷರ, ಆಮೇಲೆ ಭೀ, ಆಮೇಲೆ ಬು.

ಇನ್ನೊಂದು ಉಪಾಯವೂ ಹೊಳೆಯಿತು. ಅವ್ವ ಕಳೆ ಕೀಳುವಾಗ ಹಾಡು ಕಟ್ಟಿ ಹಾಡುತ್ತಿದ್ದವಳು. ಬಾಬಾಸಾಹೇಬರ ಮೇಲೂ ತಾನೇ ಎರಡು ಹಾಡು ಕಟ್ಟಿದ್ದಳು. ಅವನ್ನು ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ದಪ್ಪ ಮಾರ್ಕರಿನಿಂದ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿದೆ. ಮಾತು ಅವಳಿಗೆ ಬಾಯಿಪಾಠ. ಬಾಯಿ ಮುಂದೆ ಹೋಗುತ್ತಿತ್ತು, ಕಣ್ಣು ಅದರ ಹಿಂದೆ ಅಕ್ಷರ ಹುಡುಕುತ್ತಾ ಬರುತ್ತಿತ್ತು. "ಓ, ಇದು ನಾನಾಡಿದ ಮಾತೇ ಕನಾ!" ಎಂದು ನಕ್ಕದ್ದು ನನಗೆ ಈಗಲೂ ಕಿವಿಯಲ್ಲಿದೆ.

ಸೃಜನಶೀಲತೆ ಎಂದರೆ ಕವಿ, ಕಲಾವಿದರಿಗೆ ಮಾತ್ರ ಸೇರಿದ್ದು ಎಂದು ನಾವು ತಿಳಿದಿದ್ದೇವೆ. ಮನೆಯಲ್ಲೇ ಇರುವ ಮೊರ, ರಾಗಿ, ಹಾಡನ್ನು ಹೊಸ ಕೆಲಸಕ್ಕೆ ಹಚ್ಚುವುದೂ ಸೃಜನಶೀಲತೆಯೇ. ಗುರಿಯನ್ನು ಬಿಡದೆ ದಾರಿಯನ್ನು ಬದಲಿಸುವ ಬುದ್ಧಿ ಅದು.

*ಬಾಬಾಸಾಹೇಬರ 21 ವರ್ಷ*

ನಮಗಿಂತ ಬಿಡುವಿಲ್ಲದ ಬದುಕನ್ನು ಬದುಕಿದವರು ಬಾಬಾಸಾಹೇಬರು. 1935ರ ಅಕ್ಟೋಬರ್ 13ರಂದು ಯೇವಲಾದಲ್ಲಿ, ಹಿಂದೂವಾಗಿ ಹುಟ್ಟಿದ್ದರೂ ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದರು. ನಾಗಪುರದಲ್ಲಿ ದೀಕ್ಷೆ ತೆಗೆದುಕೊಂಡದ್ದು 1956ರ ಅಕ್ಟೋಬರ್ 14ರಂದು. ನಡುವೆ 21 ವರ್ಷ.

ಆ 21 ವರ್ಷ ಅವರು ಇದೊಂದನ್ನೇ ಮಾಡುತ್ತಾ ಕೂರಲಿಲ್ಲ. 1936ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದರು. 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡರು. 1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ ಸ್ಥಾಪಿಸಿದರು. 1947ರಿಂದ 1951ರವರೆಗೆ ದೇಶದ ಕಾನೂನು ಸಚಿವರಾಗಿದ್ದರು, ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿದ್ದರು. ಮೈಯಲ್ಲಿ ಮಧುಮೇಹ ಇತ್ತು.

ಆದರೂ ಆ ಒಂದು ಗುರಿಗೆ ಅವರು ಹೊತ್ತು ತೆಗೆದಿಡುವುದನ್ನು ಬಿಡಲಿಲ್ಲ. ಹುಡುಕಿದರೆ ಅದರ ಗುರುತುಗಳು ಬೇರೆ ಕೆಲಸಗಳ ನಡುವೆಯೂ ಸಿಗುತ್ತವೆ. 1946ರಲ್ಲಿ ಮುಂಬಯಿಯಲ್ಲಿ ಶುರುವಾದ ಕಾಲೇಜಿಗೆ ಇಟ್ಟ ಹೆಸರು ಸಿದ್ಧಾರ್ಥ. ಔರಂಗಾಬಾದಿನ ಕಾಲೇಜಿಗೆ ಬಂದ ಹೆಸರು ಮಿಲಿಂದ, ಭಿಕ್ಖು ನಾಗಸೇನರನ್ನು ಪ್ರಶ್ನೆ ಮಾಡಿದ ರಾಜನದು. 1948ರಲ್ಲಿ, ಸಂವಿಧಾನದ ಕೆಲಸ ನಡೆಯುತ್ತಿದ್ದ ಕಾಲದಲ್ಲೇ, ಪಿ. ಲಕ್ಷ್ಮೀ ನರಸು ಅವರ ಬೌದ್ಧ ಧರ್ಮದ ಪುಸ್ತಕಕ್ಕೆ ಮುನ್ನುಡಿ ಬರೆದು ಮತ್ತೆ ಅಚ್ಚು ಹಾಕಿಸಿದರು. ಪಾಲಿ ಭಾಷೆಯ ನಿಘಂಟು ಮತ್ತು ವ್ಯಾಕರಣದ ಕೆಲಸ ಮಾಡಿದರು. ಅದು ಈಗ ಅವರ ಬರಹಗಳ 16ನೆಯ ಸಂಪುಟವಾಗಿದೆ. 1954ರಲ್ಲಿ ರಂಗೂನಿನ ವಿಶ್ವ ಬೌದ್ಧ ಸಮ್ಮೇಳನಕ್ಕೆ ಹೋಗಿ ಬಂದರು. 1955ರಲ್ಲಿ ಭಾರತೀಯ ಬೌದ್ಧ ಮಹಾಸಭಾ ಸ್ಥಾಪಿಸಿದರು. ತಮ್ಮ ಕೊನೆಯ ವರ್ಷಗಳನ್ನು 'ಬುದ್ಧ ಮತ್ತು ಅವನ ಧಮ್ಮ' ಗ್ರಂಥಕ್ಕೆ ಕೊಟ್ಟರು. 1956ರ ಡಿಸೆಂಬರ್ 6ರಂದು ಅವರು ತೀರಿಕೊಂಡರು. ಗ್ರಂಥ ಅಚ್ಚಾಗಿ ಬಂದದ್ದು 1957ರಲ್ಲಿ.

ಸಂವಿಧಾನ ಮುಗಿಯಲಿ, ಆಮೇಲೆ ನೋಡೋಣ ಎಂದು ಅವರು ಧಮ್ಮದ ಓದನ್ನು ಪೂರ್ತಿ ಮುಂದಕ್ಕೆ ಹಾಕಿದ್ದರೆ ಏನಾಗುತ್ತಿತ್ತು, ಯೋಚಿಸಿ. ದೀಕ್ಷೆಯಾದ ಮೇಲೆ ಅವರಿಗೆ ಉಳಿದಿದ್ದದ್ದು ಎರಡು ತಿಂಗಳೂ ಅಲ್ಲ.

ಇನ್ನೊಂದು ಘಟನೆಯನ್ನೂ ನೆನೆಯಬೇಕು. ಲಂಡನ್ನಿನಲ್ಲಿ ಓದುತ್ತಿದ್ದಾಗ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಅವಧಿ ಮುಗಿದು 1917ರಲ್ಲಿ ಅವರು ಅರ್ಧಕ್ಕೇ ಹಿಂದಿರುಗಬೇಕಾಯಿತು. ಬರೋಡಾದಲ್ಲಿ ನೌಕರಿಗೆ ಸೇರಿದರೆ ಜಾತಿಯ ಕಾರಣಕ್ಕೆ ಇರಲು ಮನೆ ಸಿಗಲಿಲ್ಲ. ಅಲ್ಲಿಂದ ಮುಂಬಯಿಗೆ ಬಂದು ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಮಾಡಿ ಹಣ ಉಳಿಸಿದರು. ಕೊಲ್ಹಾಪುರದ ಶಾಹು ಮಹಾರಾಜರ ನೆರವೂ ಸಿಕ್ಕಿತು. 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ 1923ರಲ್ಲಿ ಡಿ.ಎಸ್‌ಸಿ. ಪಡೆದರು. ಅರ್ಧಕ್ಕೆ ನಿಂತ ಗುರಿಯನ್ನು ಸತ್ತ ಗುರಿ ಎಂದು ಅವರು ಎಣಿಸಲಿಲ್ಲ. ನಮ್ಮಲ್ಲಿ ಎಷ್ಟೋ ಜನ ಮದುವೆ, ಬಾಣಂತನ, ಬಡತನ, ಅವಮಾನದ ಕಾರಣಕ್ಕೆ ಓದು ನಿಲ್ಲಿಸಿದವರಿದ್ದೇವೆ. ಅವರಿಗೆಲ್ಲ ಈ ಮೂರು ವರ್ಷದ ಕಥೆ ಧೈರ್ಯ ಕೊಡಬೇಕು.

*ತಂತಿ ಎಷ್ಟು ಬಿಗಿಯಬೇಕು?*

ಇಷ್ಟು ಓದಿ, ನಾಳೆಯಿಂದ ರಾತ್ರಿ ಹನ್ನೆರಡರವರೆಗೆ ದುಡಿಯುತ್ತೇನೆ ಎಂದು ಯಾರೂ ಹೊರಡಬೇಡಿ. ಸೋಣ ಎಂಬ ಭಿಕ್ಖು ರಾಜಗೃಹದ ಸೀತವನದಲ್ಲಿ ಮಿತಿಮೀರಿ ಸಾಧನೆ ಮಾಡಿ, ಫಲ ಕಾಣದೆ, ಬಿಟ್ಟು ಮನೆಗೆ ಹೋಗಲೇ ಎಂದು ಯೋಚಿಸುತ್ತಿದ್ದನು. ಅವನು ಮೊದಲು ವೀಣೆ ನುಡಿಸುತ್ತಿದ್ದವನು. ತಂತಿ ಬಹಳ ಬಿಗಿಯಾಗಿದ್ದರೆ ನಾದ ಬರುತ್ತಿತ್ತೇ, ಬಹಳ ಸಡಿಲವಾಗಿದ್ದರೆ ಬರುತ್ತಿತ್ತೇ ಎಂದು ಬುದ್ಧರು ಕೇಳಿದರು. ಶ್ರಮವೂ ಹಾಗೆಯೇ, ಹದವಾಗಿ ಇಡು ಎಂದರು.

ಸಡಿಲ ತಂತಿಯ ಗುರುತನ್ನೂ ಅವರು ಹೇಳಿದ್ದಾರೆ. ಸಿಗಾಲನಿಗೆ ಉಪದೇಶಿಸಿದ ಗೃಹಸ್ಥರ ಧಮ್ಮದಲ್ಲಿ ಸೋಮಾರಿಯ ಆರು ನೆಪಗಳು ಬರುತ್ತವೆ. ಬಹಳ ಚಳಿ, ಬಹಳ ಸೆಕೆ, ಬಹಳ ತಡವಾಯಿತು, ಇನ್ನೂ ಬಹಳ ಬೇಗ, ಬಹಳ ಹಸಿವು, ಹೊಟ್ಟೆ ಬಹಳ ಭಾರ. ಎರಡೂವರೆ ಸಾವಿರ ವರ್ಷದ ಹಿಂದಿನ ಪಟ್ಟಿ ಇದು. ನನ್ನ ಏಳನೆಯ ನೆಪ 'ಜಯಂತಿ ಮುಗೀಲಿ' ಎನ್ನುವುದು.

ಅದೇ ಸುತ್ತದಲ್ಲಿ ದುಡಿಮೆಯನ್ನು ನಾಲ್ಕು ಪಾಲು ಮಾಡುವ ಮಾತಿದೆ. ಒಂದು ಪಾಲು ಅನುಭವಿಸಲು, ಎರಡು ಪಾಲು ಕಸುಬಿಗೆ, ನಾಲ್ಕನೆಯದು ಕಷ್ಟಕಾಲಕ್ಕೆ. ಅದು ಹಣಕ್ಕೆ ಹೇಳಿದ ಮಾತು. ನಾನು ಅದನ್ನು ಹೊತ್ತಿಗೂ ಅನ್ವಯಿಸಿಕೊಂಡಿದ್ದೇನೆ. ದಿನದಲ್ಲಿ ಹೆಚ್ಚು ಪಾಲು ಹೊಟ್ಟೆಪಾಡಿಗೇ ಹೋಗುತ್ತದೆ, ಹೋಗಲಿ. ನಗುವುದಕ್ಕೆ, ಮಕ್ಕಳ ಜೊತೆ ಕೂರುವುದಕ್ಕೆ ಒಂದು ಪಾಲು ಇರಲಿ. ಎತ್ತಿಡುವ ಪಾಲು ಚಿಕ್ಕದಾದರೂ ಇದ್ದೇ ಇರಲಿ. ಅವ್ವನ ಹಿಡಿಯೂ ಕೆಲವು ದಿನ ಚಿಕ್ಕದಾಗುತ್ತಿತ್ತು, ಖಾಲಿ ಮಾತ್ರ ಇರುತ್ತಿರಲಿಲ್ಲ.

*ಇಂದಿನ ಅಭ್ಯಾಸ*

ಬಂಧುಗಳೇ, ಓದಿ ಸುಮ್ಮನಾಗುವುದು ಬೇಡ. ಇಷ್ಟು ಮಾಡಿ ನೋಡಿ.

*ಒಂದು.* ನಿಮ್ಮ ಮನಸ್ಸಿನಲ್ಲಿರುವ ಗುರಿಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿಯೊಂದರ ಮುಂದೆ, ಕಳೆದ ವಾರ ಅದಕ್ಕೆ ಎಷ್ಟು ಹೊತ್ತು ಕೊಟ್ಟಿರಿ ಎಂದು ನಿಮಿಷದಲ್ಲಿ ಬರೆಯಿರಿ. ಸುಳ್ಳು ಬೇಡ, ನೋಡುವವರು ನೀವೊಬ್ಬರೇ.

*ಎರಡು.* ಸೊನ್ನೆ ಬಿದ್ದಿರುವ ಸಾಲುಗಳನ್ನು ನೋಡಿ. ಯಾವುದು ಕಾಯಬಲ್ಲದು, ಯಾವುದು ಕಾಯಲಾರದು ಎಂದು ಕೇಳಿಕೊಳ್ಳಿ. ಮನುಷ್ಯರ ವಯಸ್ಸು, ಆರೋಗ್ಯ, ಮಕ್ಕಳ ಬೆಳೆಯುವ ಕಾಲ ನಮ್ಮ ಬಿಡುವಿಗಾಗಿ ಕಾಯುವುದಿಲ್ಲ. ಎಲ್ಲವೂ ಅನಿತ್ಯ ಎಂದು ವಿಹಾರದಲ್ಲಿ ಹೇಳುವ ಮಾತನ್ನು ಡೈರಿ ಬರೆಯುವಾಗಲೂ ನೆನಪಿಡಬೇಕು.

*ಮೂರು.* ಅಂಥ ಒಂದೇ ಒಂದು ಗುರಿಯನ್ನು ಆರಿಸಿ. ದಿನಕ್ಕೆ ಇಪ್ಪತ್ತು ನಿಮಿಷ ತೆಗೆದಿಡಿ. ದಿನದ ಕೊನೆಯಲ್ಲಿ ಬೇಡ. ಮೈಮನಸ್ಸು ಹಗುರವಾಗಿರುವ ಹೊತ್ತನ್ನು ಕೊಡಿ. ಮನೆಯವರಿಗೆ ಮೊದಲೇ ಹೇಳಿ. ನಮ್ಮ ಅಕ್ಕತಂಗಿಯರಿಗೆ ಆ ಇಪ್ಪತ್ತು ನಿಮಿಷ ಸಿಗಬೇಕಾದರೆ ಮನೆಯ ಗಂಡಸರು ಒಲೆಯ ಮುಂದೆ ನಿಲ್ಲಬೇಕಾಗುತ್ತದೆ. ನಿಲ್ಲಿ. ಅದೂ ಧಮ್ಮವೇ.

*ನಾಲ್ಕು.* ಆ ಹೊತ್ತಿನಲ್ಲಿ ಫೋನ್ ದೂರ ಇಡಿ. ನಮ್ಮ ಬಳಗದ ಈ ಸಂದೇಶವನ್ನೂ ಆಮೇಲೆ ಓದಿದರೆ ಸಾಕು.

*ಐದು.* ವಾರಕ್ಕೊಮ್ಮೆ ಪರೀಕ್ಷಿಸಿಕೊಳ್ಳಿ. ಬುದ್ಧರು ರಾಹುಲನಿಗೆ ಕನ್ನಡಿಯ ಉದಾಹರಣೆ ಕೊಟ್ಟು, ಯಾವುದೇ ಕೆಲಸವನ್ನು ಮಾಡುವ ಮುಂಚೆ, ಮಾಡುವಾಗ, ಮಾಡಿದ ಮೇಲೆ ನೋಡಿಕೊಳ್ಳಲು ಹೇಳಿದರು. ಇದರಿಂದ ನನಗೆ ಕೇಡಾಗುತ್ತದೆಯೇ, ಇತರರಿಗೆ ಕೇಡಾಗುತ್ತದೆಯೇ, ಇಬ್ಬರಿಗೂ ಕೇಡಾಗುತ್ತದೆಯೇ ಎಂದು. ಗುರಿಗೂ ಇದೇ ಕನ್ನಡಿ ಸಾಕು. ದಾರಿ ಕೆಟ್ಟಿದ್ದರೆ ಮೊರ, ರಾಗಿ, ಹಾಡು, ಏನಾದರೂ ಹುಡುಕಿ. ಗುರಿಯನ್ನು ಬಿಡಬೇಡಿ.

*ಆರು.* ಒಂದು ದಿನ ತಪ್ಪಿದರೆ ಹಳಹಳಿಸುತ್ತಾ ಕೂರಬೇಡಿ. ಮರುದಿನ ಹಿಡಿ ತೆಗೆದಿಡಿ.

*ಕೊನೆಗೆ*

ಈಗ ಎಂಟು ತಿಂಗಳಾಯಿತು. ಅವ್ವ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುವುದಿಲ್ಲ. ಬಸ್ಸಿನ ಬೋರ್ಡು ಹತ್ತಿರ ಬಂದರೆ ಓದುತ್ತಾಳೆ. ಪತ್ರಿಕೆಯ ಸಣ್ಣ ಅಕ್ಷರ ಆಗುವುದಿಲ್ಲ. 'ಬುದ್ಧ ಮತ್ತು ಅವನ ಧಮ್ಮ' ಗ್ರಂಥದ ಅಕ್ಷರವೂ ಅವಳ ಕಣ್ಣಿಗೆ ಹಿಡಿಯುವುದಿಲ್ಲ. ಅದನ್ನು ನಾನೇ ಓದಿ ಹೇಳುತ್ತೇನೆ. ಆ ಮೂರು ವರ್ಷ ಮೊದಲೇ ಶುರು ಮಾಡಿದ್ದರೆ ಅವಳೇ ಓದುತ್ತಿದ್ದಳೇನೋ. ಇದಕ್ಕೆ ನನ್ನ ಬಳಿ ಸಮಾಧಾನದ ಮಾತಿಲ್ಲ. ಬುದ್ಧರು ಮಾರ್ಗದಾತರು, ಮೋಕ್ಷದಾತರಲ್ಲ ಎಂದು ಬಾಬಾಸಾಹೇಬರು ತಿಳಿಸಿಕೊಟ್ಟಿದ್ದಾರೆ. ದಾರಿ ತೋರಿಸಿದ್ದಾರೆ, ನಡೆಯಬೇಕಾದವನು ನಾನು. ಕಳೆದುಹೋದ ಹೊತ್ತಿನ ಲೆಕ್ಕವೂ ನನ್ನದೇ.

ಪ್ರತಿಜ್ಞೆಗಳ ಹಾಳೆಯನ್ನು ಮಾತ್ರ ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿದ್ದೇವೆ, ಹಾಳೆಗೆ ಎರಡು ಪ್ರತಿಜ್ಞೆಯ ಹಾಗೆ. ಅವ್ವ ಬಲಗಣ್ಣಿಗೆ ಹತ್ತಿರ ಹಿಡಿದು, ಬೆರಳಿಟ್ಟು, ಒಂದೊಂದಾಗಿ ಓದುತ್ತಿದ್ದಾಳೆ. ನಿನ್ನೆಗೆ ಹನ್ನೊಂದು ಮುಗಿಯಿತು. ಇವತ್ತು ಹನ್ನೆರಡನೆಯದು, ದಶ ಪಾರಮಿತೆಗಳನ್ನು ಪಾಲಿಸುತ್ತೇನೆ ಎನ್ನುವ ಪ್ರತಿಜ್ಞೆ. ಆ ಹತ್ತರಲ್ಲಿ ಒಂದು ಅಧಿಟ್ಠಾನ, ಅಂದರೆ ಹಿಡಿದ ಗುರಿಯನ್ನು ಮುಟ್ಟುವ ದೃಢ ನಿರ್ಧಾರ. ಇದನ್ನು ಅವ್ವನಿಗೆ ಹೇಗೆ ವಿವರಿಸಲಿ ಎಂದು ನಿನ್ನೆ ರಾತ್ರಿ ಯೋಚಿಸುತ್ತಿದ್ದೆ. ಆಮೇಲೆ ಮಡಕೆ ನೆನಪಾಗಿ ಸುಮ್ಮನಾದೆ. ಅದನ್ನು ಅವಳೇ ನನಗೆ ವಿವರಿಸಿದ್ದಾಳೆ.

ಬಂಧುಗಳೇ, ನಿಮ್ಮ ಡೈರಿಯ ಒಂಬತ್ತನೆಯ ಸಾಲು ಯಾವುದು? ಇಂದು ಸಂಜೆಯೊಳಗೆ ನಮ್ಮ ಗುಂಪಿನಲ್ಲಿ ಒಂದು ಸಾಲು ಬರೆಯಿರಿ. ಬರೆಯಲು ಮನಸ್ಸಿಲ್ಲದಿದ್ದರೆ ಬೇಡ, ಅದಕ್ಕೆ ಇಪ್ಪತ್ತು ನಿಮಿಷ ಕೊಟ್ಟರೆ ಅದೇ ಸಾಕು. ಪ್ರಶ್ನೆ ಕೇಳಿದ ಸಹೋದರಿಗೆ ವಂದನೆಗಳು. ಮುಂದಿನ ಭಾನುವಾರ ವಂದನೆಯ ನಂತರ ಇದರ ಮೇಲೆ ಚರ್ಚೆ ಮಾಡೋಣ. ನಾನು ಆಮೇಲಿನ ಬಸ್ಸಿಗೇ ಹೋಗುತ್ತೇನೆ.

ಎಲ್ಲರಿಗೂ ಮಂಗಳವಾಗಲಿ.

ನಮೋ ಬುದ್ಧಾಯ. ಜೈ ಭೀಮ್.